ಅಕ್ಷರ ಬಿಡಿಸುತ್ತಿದ್ದ ಕಾರ್ಡು, ಮಾತು ಕಲಿಯುವ ಕಾರ್ಡು

ಪುರವರದ ಒಂದು ಡಿಟಿಪಿ ಅಂಗಡಿಯವರು ಈಚೆಗೆ ಹಳೇ ಕಂಪ್ಯೂಟರ್‌ಗಳನ್ನೆಲ್ಲ ಗುಜರಿಗೆ ಹಾಕಿದರು. ಸುತ್ತಮುತ್ತಲ ಊರುಗಳ ಲಗ್ನಪತ್ರಿಕೆ, ಜಾತ್ರೆ ಕರಪತ್ರ, ತಿಥಿ ಕಾರ್ಡು, ಎಲೆಕ್ಷನ್ ಹ್ಯಾಂಡ್‌ಬಿಲ್ಲು ಎಲ್ಲವನ್ನೂ ಮಾಡಿಕೊಟ್ಟ ಪೆಟ್ಟಿಗೆಗಳು ಅವು. ಗುಜರಿಯವನು ತಕ್ಕಡಿ ಹಿಡಿದು ನಿಂತಿದ್ದ. ಅಂಗಡಿಯವರು ಒಂದು ಪೆಟ್ಟಿಗೆ ಬಿಚ್ಚಿ, ಅಂಗೈ ಅಗಲದ ಹಸಿರು ಹಲಗೆಯೊಂದನ್ನು ಕಿತ್ತು ನನ್ನ ಕೈಗಿಟ್ಟರು. 'ಇದು ಡಿಸ್‌ಪ್ಲೇ ಕಾರ್ಡು. ಇದಿಲ್ಲ ಅಂದ್ರೆ ಪರದೆ ಮೇಲೆ ಏನೂ ಕಾಣಲ್ಲ' ಅಂದರು. ತೂಕಕ್ಕೆ ಹಾಕಿದ್ದರೆ ಅದಕ್ಕೆ ಹತ್ತು ರೂಪಾಯಿ ಬರುವುದೂ ಅನುಮಾನ.

ಅದೇ ಜಾತಿಗೆ ಸೇರಿದ ಕಾರ್ಡು ಇವತ್ತೂ ಇದೆ. ಈಗ ಅದನ್ನು ಗ್ರಾಫಿಕ್ಸ್ ಕಾರ್ಡು, ಜಿಪಿಯು ಎಂದು ಕರೆಯುತ್ತಾರೆ. ಎಂಜಿನಿಯರುಗಳು, ವಿಜ್ಞಾನಿಗಳು ಬಳಸುವ ವೃತ್ತಿಪರ ಕಾರ್ಡುಗಳಲ್ಲಿ ದೊಡ್ಡದೊಂದಕ್ಕೆ ಏಳು ಲಕ್ಷ ರೂಪಾಯಿಗೂ ಮೇಲೆ ಬೆಲೆ. ಆ ದುಡ್ಡಿಗೆ ಒಂದು ಹೊಸ ಟ್ರ್ಯಾಕ್ಟರ್ ಬರುತ್ತದೆ.

ಪರದೆಗೆ ಚಿತ್ರ ಕಳಿಸುವ ಒಂದು ಹಲಗೆಗೆ ಇಷ್ಟು ಬೆಲೆ ಹೇಗೆ ಬಂತು? ಅದರಿಂದ ಮಧುಗಿರಿ, ಪಾವಗಡ, ಶಿರಾ, ಕೊರಟಗೆರೆ ಕಡೆಯವರಿಗೆ ಏನಾಗಬೇಕು? ಹುಡುಕುತ್ತಾ ಹೋದಾಗ ಒಂದು ವಿಷಯ ಗೊತ್ತಾಯಿತು. ಈ ಕಾರ್ಡಿನ ಕತೆ ಎಂದರೆ ಎಲ್ಲರೂ ಕಂಪ್ಯೂಟರ್ ಆಟದಿಂದ ಶುರು ಮಾಡುತ್ತಾರೆ. ಆದರೆ ಅದಕ್ಕೂ ಮೊದಲು ಒಂದು ಅಧ್ಯಾಯವಿದೆ. ಅದು ಅಕ್ಷರದ ಅಧ್ಯಾಯ.

ಚುಕ್ಕಿ ರಂಗೋಲಿಯ ಲೆಕ್ಕ

ಮೊದಲು ಕಾರ್ಡು ಏನು ಮಾಡುತ್ತದೆ ನೋಡೋಣ. ಕಂಪ್ಯೂಟರ್ ಪರದೆ, ಟಿವಿ, ನಿಮ್ಮ ಕೈಲಿರುವ ಫೋನು ಎಲ್ಲವೂ ಚುಕ್ಕಿ ರಂಗೋಲಿ ಇದ್ದಂತೆ. ಸಾಲು ಸಾಲು ಚುಕ್ಕಿಗಳು. ಯಾವ ಚುಕ್ಕಿ ಹೊತ್ತಿಕೊಳ್ಳಬೇಕು, ಯಾವುದು ಆರಬೇಕು, ಯಾವ ಬಣ್ಣ ಎಂದು ಬರೆದಿಟ್ಟುಕೊಳ್ಳಲು ಒಂದು ಜಾಗ ಬೇಕು. ಬರೆದಿಟ್ಟದ್ದನ್ನು ಸೆಕೆಂಡಿಗೆ ಐವತ್ತು ಅರವತ್ತು ಸಲ ಪರದೆಗೆ ಕಳಿಸುತ್ತಲೇ ಇರಬೇಕು. ಈ ಎರಡು ಕೆಲಸ ಕಾರ್ಡಿನದು.

ಐಬಿಎಂ ಕಂಪನಿ 1981ರಲ್ಲಿ ತನ್ನ ಪರ್ಸನಲ್ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಾಗ ಅದರ ಜೊತೆ ಎರಡು ಬಗೆಯ ಕಾರ್ಡು ಸಿಗುತ್ತಿದ್ದವು. ಒಂದು ಬಣ್ಣದ ಚಿತ್ರ ತೋರಿಸುತ್ತಿತ್ತು, ಆದರೆ ಚುಕ್ಕಿಗಳು ದಪ್ಪ ದಪ್ಪ, ಅಕ್ಷರ ಒರಟು. ಇನ್ನೊಂದು ಬರೀ ಅಕ್ಷರಕ್ಕೆಂದು ಮಾಡಿದ್ದು. ಪರದೆ ಮೇಲೆ 25 ಸಾಲು, ಸಾಲಿಗೆ 80 ಅಕ್ಷರ, ಓದುವುದಕ್ಕೆ ಚೆನ್ನಾಗಿತ್ತು. ಆದರೆ ಅದರೊಳಗೆ 256 ಆಕಾರಗಳನ್ನು ಕಾರ್ಖಾನೆಯಲ್ಲೇ ಕೆತ್ತಿ ಇಟ್ಟುಬಿಟ್ಟಿದ್ದರು. ಹಳೇ ಪ್ರಿಂಟಿಂಗ್ ಪ್ರೆಸ್ಸಿನ ಅಚ್ಚುಮೊಳೆ ಪೆಟ್ಟಿಗೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಪೆಟ್ಟಿಗೆಯಲ್ಲಿ ಯಾವ ಮೊಳೆ ಇದೆಯೋ ಅದನ್ನಷ್ಟೇ ಜೋಡಿಸಬಹುದು. ಇಲ್ಲದ ಅಕ್ಷರಕ್ಕೆ ದಾರಿಯಿಲ್ಲ.

ಇಂಗ್ಲಿಷಿಗೆ 256 ಆಕಾರ ಬೇಕಾದಷ್ಟಾಯಿತು. ಚಿಕ್ಕಕ್ಷರ, ದೊಡ್ಡಕ್ಷರ, ಅಂಕಿ, ಚಿಹ್ನೆ ಎಲ್ಲ ಸೇರಿಸಿದರೂ ಜಾಗ ಮಿಗುತ್ತದೆ. ಕನ್ನಡಕ್ಕೆ ಸಾಲುವುದಿಲ್ಲ. 34 ವ್ಯಂಜನಗಳಿಗೆ ಹನ್ನೆರಡು ಕಾಗುಣಿತವೆಂದು ಹಿಡಿದರೂ 408 ಆಕಾರ. ಅದರ ಮೇಲೆ ಒತ್ತಕ್ಷರ ಇದ್ದೇ ಇದೆ. ಜೊತೆಗೆ ಅಕ್ಷರವೊಂದು ಕೂರಬೇಕಾದ ಮನೆ 9 ಚುಕ್ಕಿ ಅಗಲ, 14 ಚುಕ್ಕಿ ಎತ್ತರ ಮಾತ್ರ. ಅಷ್ಟರೊಳಗೆ ಮೇಲೊಂದು ಗುಡಿಸು, ಕೆಳಗೊಂದು ಒತ್ತು, ಪಕ್ಕಕ್ಕೊಂದು ದೀರ್ಘ ಎಲ್ಲಿ ಕೂರಿಸುವುದು?

ಥಾಯ್ ಹುಡುಗನ ಪ್ರಬಂಧ

ಈ ತೊಂದರೆ ಕನ್ನಡದ್ದೊಂದೇ ಅಲ್ಲ. ಥಾಯ್ಲೆಂಡಿನ ಭಾಷೆಗೂ ಇದೇ ಗತಿ. ಅವರ ಲಿಪಿಯಲ್ಲೂ ಅಕ್ಷರದ ಮೇಲೆ, ಕೆಳಗೆ ಗುರುತುಗಳು ಬರುತ್ತವೆ. ಥಾಯ್ಲೆಂಡಿನಿಂದ ಅಮೆರಿಕಕ್ಕೆ ಹೋಗಿದ್ದ ವ್ಯಾನ್ ಸುವನ್ನುಕುಲ್ ಎಂಬ ಎಂಜಿನಿಯರ್ ತನ್ನ ಡಾಕ್ಟರೇಟ್ ಪ್ರಬಂಧವನ್ನು ಐಬಿಎಂ ಕಂಪ್ಯೂಟರಿನಲ್ಲಿ ಥಾಯ್ ಲಿಪಿಯಲ್ಲಿ ಬರೆಯಬೇಕೆಂದು ಹೊರಟ. ಒಂದು ಕಾರ್ಡಿನಲ್ಲಿ ಮೊಳೆ ಇಲ್ಲ, ಇನ್ನೊಂದರಲ್ಲಿ ಅಕ್ಷರ ಒರಟು. ಕೊನೆಗೆ ತಾನೇ ಒಂದು ಕಾರ್ಡು ಮಾಡಿದ. ಅದೇ ಹರ್ಕ್ಯುಲಿಸ್ ಗ್ರಾಫಿಕ್ಸ್ ಕಾರ್ಡು. 1982ರಲ್ಲಿ ಅದನ್ನು ಮಾರಲು ಗೆಳೆಯನೊಬ್ಬನ ಜೊತೆ ಕಂಪನಿಯನ್ನೂ ಕಟ್ಟಿದ. ಬೆಲೆ 499 ಡಾಲರ್.

ಹರ್ಕ್ಯುಲಿಸ್ ಕಾರ್ಡಿನ ಉಪಾಯ ಸರಳ. ಕೆತ್ತಿಟ್ಟ ಮೊಳೆಗಳ ಜೊತೆಗೆ, ಪರದೆಯ ಒಂದೊಂದು ಚುಕ್ಕಿಯನ್ನೂ ಬಳಸುವವರ ಕೈಗೆ ಬಿಟ್ಟುಕೊಟ್ಟಿತು. ಅಡ್ಡಕ್ಕೆ 720, ಉದ್ದಕ್ಕೆ 348, ಒಟ್ಟು 2,50,560 ಚುಕ್ಕಿ. ಬಣ್ಣವಿಲ್ಲ, ಪ್ರತಿ ಚುಕ್ಕಿಯೂ ಒಂದೋ ಹೊತ್ತಿದೆ ಇಲ್ಲವೇ ಆರಿದೆ. ಇದನ್ನು ನೆನಪಿಟ್ಟುಕೊಳ್ಳಲು ಕಾರ್ಡಿನಲ್ಲಿದ್ದ ಜಾಗ 64 ಕೆಬಿ. ಇವತ್ತು ನೀವು ವಾಟ್ಸಾಪ್‌ನಲ್ಲಿ ಕಳಿಸುವ ಒಂದು ಫೋಟೋ ಕೂಡ ಅದರಲ್ಲಿ ಹಿಡಿಯುವುದು ಕಷ್ಟ. ಆದರೆ ಚುಕ್ಕಿ ನಮ್ಮ ಕೈಗೆ ಬಂದ ಮೇಲೆ ಯಾವ ಲಿಪಿಯನ್ನಾದರೂ ಬಿಡಿಸಬಹುದು. ಜಗತ್ತಿನಾದ್ಯಂತ ಆ ಕಾರ್ಡು ಮಾರಾಟವಾಯಿತು. ಬೇರೆ ಕಂಪನಿಗಳೂ ಅದನ್ನೇ ನಕಲು ಮಾಡಿದವು. ಲೆಕ್ಕಪತ್ರ ಮಾಡುವವರು, ನಕ್ಷೆ ಬರೆಯುವವರು ಎಲ್ಲರೂ ಬಳಸಿದರು.

ಕಾನ್ಪುರದಿಂದ ಪುಣೆಗೆ

ನಮ್ಮ ದೇಶದಲ್ಲಿ ಇದೇ ಕೆಲಸ ಐಐಟಿ ಕಾನ್ಪುರದಲ್ಲಿ ನಡೆಯುತ್ತಿತ್ತು. ಅಲ್ಲಿ ತಯಾರಾದ ದೇವನಾಗರಿ ಕಂಪ್ಯೂಟರ್ ಟರ್ಮಿನಲ್ಲನ್ನು 1983ರಲ್ಲಿ ದೆಹಲಿಯ ವಿಶ್ವ ಹಿಂದಿ ಸಮ್ಮೇಳನದಲ್ಲಿ ತೋರಿಸಿದರು. ಆಮೇಲೆ ಅದನ್ನು ಭಾರತದ ಎಲ್ಲ ಲಿಪಿಗಳಿಗೂ ಬೆಳೆಸಿದರು. ಈ ತಂತ್ರಕ್ಕೆ ಜಿಸ್ಟ್ ಎಂದು ಹೆಸರು. ಇದನ್ನು ಕಟ್ಟಿದವರಲ್ಲಿ ಮುಖ್ಯರು ಮೋಹನ್ ತಾಂಬೆ. ಪುಣೆಯಲ್ಲಿ ಸಿ-ಡ್ಯಾಕ್ ಸಂಸ್ಥೆ 1988ರಲ್ಲಿ ಶುರುವಾದಾಗ ಜಿಸ್ಟ್ ತಂಡ ಅಲ್ಲಿಗೆ ಹೋಯಿತು. ಅಲ್ಲಿಂದ ಹೊರಬಂದದ್ದು ಜಿಸ್ಟ್ ಕಾರ್ಡು.

ಕಂಪ್ಯೂಟರಿನ ಒಳಗೆ ಖಾಲಿ ಇರುವ ಸೀಳಿನಲ್ಲಿ ಈ ಕಾರ್ಡು ಸಿಕ್ಕಿಸಿದರೆ, ಇಂಗ್ಲಿಷಿಗೆಂದೇ ಮಾಡಿದ ಡಾಸ್ ಕಾಲದ ಸಾಫ್ಟ್‌ವೇರುಗಳಲ್ಲೂ ಕನ್ನಡ ಮೂಡುತ್ತಿತ್ತು. ಸಾಫ್ಟ್‌ವೇರಿಗೆ ಕನ್ನಡ ಗೊತ್ತಿರಬೇಕಾಗಿರಲಿಲ್ಲ. ಕಾರ್ಡಿಗೆ ಗೊತ್ತಿದ್ದರೆ ಸಾಕಿತ್ತು.

ಹೇಗೆ ಎಂಬುದನ್ನು ನಮ್ಮ ತಾಲ್ಲೂಕಿನ ಹೋಬಳಿಯ ಹೆಸರಿನಲ್ಲೇ ನೋಡಬಹುದು. 'ದೊಡ್ಡೇರಿ' ಎಂದು ಬರೆಯಲು ಯಂತ್ರ ನೆನಪಿಟ್ಟುಕೊಳ್ಳುವುದು ಎಂಟು ಗುರುತು. ದ, ಒ ಸ್ವರದ ಗುರುತು, ಡ, ಅರ್ಧಾಕ್ಷರದ ಗುರುತು, ಮತ್ತೆ ಡ, ಏ ಸ್ವರದ ಗುರುತು, ರ, ಇ ಸ್ವರದ ಗುರುತು. ಇದು ನಾವು ಉಚ್ಚರಿಸುವ ಕ್ರಮ. ಬರೆಯುವ ಕ್ರಮ ಬೇರೆ. ಏ ಎನ್ನುವುದನ್ನು ಎರಡು ಡ ಮುಗಿದ ಮೇಲೆ ಹೇಳುತ್ತೇವೆ, ಆದರೆ ಅದರ ಗುರುತು ಹೋಗಿ ಮೊದಲನೇ ಡ ತಲೆಯ ಮೇಲೆ ಕೂರುತ್ತದೆ. ಎರಡನೇ ಡ ಚಿಕ್ಕದಾಗಿ ಕೆಳಗೆ ಇಳಿಯುತ್ತದೆ. ದೀರ್ಘ ಪಕ್ಕಕ್ಕೆ ಹೋಗುತ್ತದೆ. ಯಾವುದು ಎಲ್ಲಿ ಕೂರಬೇಕು ಎಂಬ ಈ ಬುದ್ಧಿಯನ್ನು ಕಾರ್ಡಿಗೆ ಕಲಿಸಿದ್ದರು. ನೀವು ಎಂಟು ಗುರುತು ಒತ್ತಿದರೆ ಅದು ಮೂರು ಅಕ್ಷರ ಬಿಡಿಸಿ ಕೊಡುತ್ತಿತ್ತು.

ಈ ಗುರುತುಗಳ ಪಟ್ಟಿಗೆ ಇಸ್ಕಿ ಎಂದು ಹೆಸರು. 1991ರಲ್ಲಿ ಅದು ಭಾರತೀಯ ಮಾನಕವಾಯಿತು. ಕನ್ನಡ, ತೆಲುಗು, ಹಿಂದಿ, ತಮಿಳು ಎಲ್ಲಕ್ಕೂ ಒಂದೇ ಪಟ್ಟಿ. ಕನ್ನಡದಲ್ಲಿ ಟೈಪ್ ಮಾಡಿದ ಹೆಸರನ್ನು ಅದೇ ಗುರುತುಗಳಿಂದ ತೆಲುಗು ಲಿಪಿಯಲ್ಲೂ ತೋರಿಸಬಹುದಿತ್ತು. ಒಂದು ಕಾಲು ಹಿಂದೂಪುರದಲ್ಲಿ, ಒಂದು ಕಾಲು ಮಧುಗಿರಿಯಲ್ಲಿ ಇಟ್ಟುಕೊಂಡು ಬದುಕುವ ನಮ್ಮ ಗಡಿಯವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಆ ಕಾರ್ಡು ಇವತ್ತು ಬಳಕೆಯಲ್ಲಿಲ್ಲ. ಆದರೆ ಆ ಪಟ್ಟಿಯ ಮೊದಲ ರೂಪ ಸಾಯಲಿಲ್ಲ. ಯೂನಿಕೋಡ್ ಎಂಬ ಜಾಗತಿಕ ಪಟ್ಟಿ ಮಾಡಿದವರು ಭಾರತದ ಲಿಪಿಗಳಿಗೆ 1988ರ ಇಸ್ಕಿಯನ್ನೇ ತಳಪಾಯ ಮಾಡಿಕೊಂಡರು. ನಿಮ್ಮ ಫೋನಿನಲ್ಲಿ ಈ ಲೇಖನ ಮೂಡಿರುವುದು ಅದೇ ಲೆಕ್ಕದ ಮೇಲೆ.

ತಾತನ ಹೆಸರಿನ ಒತ್ತು

ಪರದೆ ಮೇಲೆ ಕನ್ನಡ ಬರುವುದು ಬರೀ ಅಭಿಮಾನದ ಮಾತಲ್ಲ. 2000ದ ಇಸವಿಯ ಆಸುಪಾಸಿನಲ್ಲಿ ಕರ್ನಾಟಕದಲ್ಲಿ ಭೂಮಿ ಯೋಜನೆ ಬಂತು. ಗ್ರಾಮ ಲೆಕ್ಕಿಗರ ಬಳಿ ಕೈಬರಹದಲ್ಲಿದ್ದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ನಮ್ಮ ಕಡೆಯ ಎಷ್ಟೋ ಜನ ತಮ್ಮ ಹೆಸರನ್ನು ಕಂಪ್ಯೂಟರ್ ಅಕ್ಷರದಲ್ಲಿ ಮೊದಲು ನೋಡಿದ್ದು ಅಲ್ಲೇ. ಅದು ಕನ್ನಡದಲ್ಲಿತ್ತು ಎಂಬುದು ಸಣ್ಣ ವಿಷಯವಲ್ಲ.

ಆದರೆ ಎಲ್ಲ ಕಡೆಯೂ ಅಷ್ಟು ಸಲೀಸಾಗಲಿಲ್ಲ. ಒಂದೊಂದು ಕಡೆ ಒಂದೊಂದು ಫಾಂಟು. ಒಂದರಲ್ಲಿ ಟೈಪ್ ಮಾಡಿದ್ದನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಚಿಹ್ನೆಗಳ ಸಂತೆ. ನಮ್ಮ ಮನೆಯದೇ ಒಂದು ಉದಾಹರಣೆ. ನಮ್ಮ ತಾತನ ಹೆಸರಿನಲ್ಲಿ ಎರಡು ಒತ್ತಕ್ಷರ ಇದ್ದವು. ಒಂದು ದಾಖಲೆಯಲ್ಲಿ ಎರಡೂ ಸರಿಯಾಗಿದ್ದವು. ಇನ್ನೊಂದು ಕಚೇರಿಯ ದಾಖಲೆಯಲ್ಲಿ ಒಂದು ಒತ್ತು ಬಿದ್ದುಹೋಗಿತ್ತು. ಮತ್ತೊಂದರಲ್ಲಿ ಎರಡೂ ಇರಲಿಲ್ಲ. ತಾತ ತೀರಿಕೊಂಡ ಮೇಲೆ ಪೌತಿ ಖಾತೆಗೆ ಅರ್ಜಿ ಹಾಕಿದಾಗ, 'ಈ ಮೂವರೂ ಒಬ್ಬರೇ ಅನ್ನೋದಕ್ಕೆ ಪುರಾವೆ ತನ್ನಿ' ಅಂದರು. ಅಪ್ಪ ಅಫಿಡವಿಟ್ಟು, ವಂಶವೃಕ್ಷ, ಸಾಕ್ಷಿಗಳನ್ನು ಹೊಂದಿಸಿಕೊಂಡು ತಿಂಗಳುಗಟ್ಟಲೆ ಓಡಾಡಿದರು. ಪ್ರತಿ ಓಡಾಟಕ್ಕೂ ಒಂದು ದಿನದ ಕೂಲಿ ಹೋಯಿತು.

ಪರದೆ ಮೇಲೆ ಆ ಒತ್ತು ಅಂದರೆ ಹತ್ತಿಪ್ಪತ್ತು ಚುಕ್ಕಿ. ಅಷ್ಟು ಚುಕ್ಕಿ ಹೊತ್ತಿಕೊಳ್ಳದೇ ಹೋದದ್ದಕ್ಕೆ ನಮ್ಮ ಮನೆ ಕೊಟ್ಟ ಬೆಲೆ ಅದು. ಯಂತ್ರಕ್ಕೆ ನಮ್ಮ ಅಕ್ಷರ ಪೂರ್ತಿ ಗೊತ್ತಿರಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಕಾರ್ಡು ಆಟಕ್ಕೆ ಇಳಿಯಿತು

1990ರ ದಶಕದಲ್ಲಿ ವಿಂಡೋಸ್ ಬಳಕೆ ಹರಡಿತು. ಅಕ್ಷರ ಬಿಡಿಸುವ ಕೆಲಸವನ್ನು ಕಾರ್ಡಿನಿಂದ ಕಿತ್ತು ಸಾಫ್ಟ್‌ವೇರಿಗೆ ಕೊಟ್ಟರು. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ ನುಡಿಯೂ ಬಂದು ಸರ್ಕಾರಿ ಕಚೇರಿ, ಡಿಟಿಪಿ ಅಂಗಡಿಗಳನ್ನೆಲ್ಲ ತುಂಬಿತು. ಇವಕ್ಕೆ ವಿಶೇಷ ಕಾರ್ಡು ಬೇಕಿರಲಿಲ್ಲ. ಗುಜರಿಗೆ ಹೋದ ಆ ಪುರವರದ ಕಾರ್ಡು ಈ ಕಾಲದ್ದು. ಸಾಫ್ಟ್‌ವೇರು ಬಿಡಿಸಿ ಕೊಟ್ಟ ಅಕ್ಷರವನ್ನು ಅದು ಪರದೆಗೆ ಸಾಗಿಸುತ್ತಿತ್ತು, ಅಷ್ಟೇ.

ಅಕ್ಷರದ ಕೆಲಸ ಕೈಬಿಟ್ಟ ಮೇಲೆ ಕಾರ್ಡುಗಳು ಆಟಕ್ಕೆ ಇಳಿದವು. ಆಟದಲ್ಲಿ ಕಾಣುವ ಗುಡ್ಡ, ಕಾರು, ಮನುಷ್ಯ ಎಲ್ಲವೂ ಸಾವಿರಾರು ಸಣ್ಣ ಸಣ್ಣ ತ್ರಿಕೋನಗಳಿಂದ ಮಾಡಿದ್ದು. ಆಡುವವನು ಒಂದು ಹೆಜ್ಜೆ ಇಟ್ಟರೆ ಎಲ್ಲ ತ್ರಿಕೋನಗಳ ಜಾಗವನ್ನೂ ಮತ್ತೆ ಗುಣಿಸಿ, ಕೂಡಿ ಲೆಕ್ಕ ಹಾಕಬೇಕು. 1999ರಲ್ಲಿ ಎನ್‌ವಿಡಿಯಾ ಕಂಪನಿ ಜಿಫೋರ್ಸ್ 256 ಎಂಬ ಕಾರ್ಡು ತಂದು, ಈ ಲೆಕ್ಕವನ್ನೂ ಕಾರ್ಡೇ ಮಾಡುವ ಹಾಗೆ ಮಾಡಿತು. ಜಿಪಿಯು ಎಂಬ ಹೆಸರು ಜನರ ಬಾಯಿಗೆ ಬಿದ್ದದ್ದು ಆ ಕಾರ್ಡಿನ ಪ್ರಚಾರದಿಂದ. ಅದೇ ಚಿಪ್ಪಿನ ಆಧಾರದ ಮೇಲೆ ಎಂಜಿನಿಯರುಗಳಿಗೆಂದು ಕ್ವಾಡ್ರೋ ಎಂಬ ವೃತ್ತಿಪರ ಕಾರ್ಡನ್ನೂ ಮಾಡಿದರು.

ಆಟದ ಕಾರ್ಡಿನ ಗುಟ್ಟು ಏನು ಎಂಬುದಕ್ಕೆ ರಾಗಿ ಹೊಲಕ್ಕೆ ಹೋಗೋಣ. ಕಂಪ್ಯೂಟರಿನ ಮುಖ್ಯ ಚಿಪ್ಪು, ಅಂದರೆ ಸಿಪಿಯು, ಅನುಭವಸ್ಥ ಯಜಮಾನನಿದ್ದಂತೆ. ಬ್ಯಾಂಕಿನ ವ್ಯವಹಾರ, ಬೋರ್‌ವೆಲ್ ರಿಪೇರಿ, ಮಾರುಕಟ್ಟೆ ರೇಟು ಯಾವುದನ್ನು ಕೊಟ್ಟರೂ ಯೋಚಿಸಿ ಮಾಡುತ್ತಾನೆ. ಆದರೆ ಎರಡು ಎಕರೆ ಕಳೆ ಕೀಳಲು ಅವನೊಬ್ಬನೇ ಕೂತರೆ ವಾರ ಬೇಕು. ಅದಕ್ಕೆ ಮೂವತ್ತು ಜನ ಸಾಲಾಗಿ ಕೂತು, ತಮ್ಮ ತಮ್ಮ ಸಾಲು ಹಿಡಿದು ಒಟ್ಟಿಗೆ ಮುಂದೆ ಸಾಗಬೇಕು. ಜಿಪಿಯು ಆ ಆಳುಗಳ ಸಾಲು. ಒಬ್ಬೊಬ್ಬರದೂ ಸಣ್ಣ ಕೆಲಸ, ಎಲ್ಲರದೂ ಒಂದೇ ಕೆಲಸ, ಎಲ್ಲರೂ ಏಕಕಾಲಕ್ಕೆ.

2006ರ ಕೊನೆಗೆ ಬಂದ ಜಿಫೋರ್ಸ್ 8800 ಜಿಟಿಎಕ್ಸ್ ಕಾರ್ಡಿನಲ್ಲಿ ಇಂಥ ಆಳುಗಳು 128. ಮರುವರ್ಷ ಬಂದ ಕೂಡಾ ಎಂಬ ವ್ಯವಸ್ಥೆಯಿಂದ ಈ ಆಳುಗಳನ್ನು ಆಟ ಬಿಟ್ಟು ಬೇರೆ ಲೆಕ್ಕಕ್ಕೂ ಹಚ್ಚಬಹುದಾಯಿತು. ವಿಜ್ಞಾನಿಗಳಿಗೆ ಅದೇ ಬೇಕಿತ್ತು. 2012ರಲ್ಲಿ ಕೆನಡಾದ ಟೊರೊಂಟೊ ವಿಶ್ವವಿದ್ಯಾಲಯದ ಅಲೆಕ್ಸ್ ಕ್ರಿಜೆವ್‌ಸ್ಕಿ, ಇಲ್ಯಾ ಸುಟ್ಸ್‌ಕೆವರ್, ಜೆಫ್ರಿ ಹಿಂಟನ್ ಎಂಬ ಮೂವರು ಅಂಗಡಿಯಲ್ಲಿ ಸಿಗುವ ಎರಡು ಆಟದ ಕಾರ್ಡು ಇಟ್ಟುಕೊಂಡು, 12 ಲಕ್ಷ ಫೋಟೋ ತೋರಿಸಿ, ಐದಾರು ದಿನದಲ್ಲಿ ಯಂತ್ರಕ್ಕೆ ವಸ್ತುಗಳನ್ನು ಗುರುತಿಸಲು ಕಲಿಸಿದರು. ಇವತ್ತಿನ ಎಐ ಅಲೆ ಎದ್ದದ್ದು ಅಲ್ಲಿಂದ. ಆಟಿಕೆಯಾಗಿದ್ದ ಕಾರ್ಡು ಕಲಿಯುವ ಯಂತ್ರವಾಯಿತು.

ಹಳೆಯದು, ಹೊಸದು ಎದುರಾಬದುರಾ

ಈಗ ಹೋಲಿಸಿ ನೋಡೋಣ. ಒಂದು ಕಡೆ 1982ರ ಹರ್ಕ್ಯುಲಿಸ್. ನಡುವೆ 1999ರ ಜಿಫೋರ್ಸ್ 256. ಇನ್ನೊಂದು ಕಡೆ 2025ರ ಮಾರ್ಚಿಯಲ್ಲಿ ಎನ್‌ವಿಡಿಯಾ ಪ್ರಕಟಿಸಿದ ವೃತ್ತಿಪರ ಕಾರ್ಡು, ಆರ್‌ಟಿಎಕ್ಸ್ ಪ್ರೊ 6000 ಬ್ಲ್ಯಾಕ್‌ವೆಲ್.

ನೆನಪು: ಹರ್ಕ್ಯುಲಿಸ್‌ನಲ್ಲಿ 64 ಕೆಬಿ. ಜಿಫೋರ್ಸ್ 256ರಲ್ಲಿ ಸಾಮಾನ್ಯವಾಗಿ 32 ಎಂಬಿ, ಅಂದರೆ 512 ಪಟ್ಟು. ಹೊಸ ಕಾರ್ಡಿನಲ್ಲಿ 96 ಜಿಬಿ. ಅದು ಹರ್ಕ್ಯುಲಿಸ್‌ನ ಸುಮಾರು 15 ಲಕ್ಷ 70 ಸಾವಿರ ಪಟ್ಟು.

ಒಳಗಿನ ಸ್ವಿಚ್ಚುಗಳು, ಅಂದರೆ ಟ್ರಾನ್ಸಿಸ್ಟರುಗಳು: ಜಿಫೋರ್ಸ್ 256ರ ಚಿಪ್ಪಿನಲ್ಲಿ 2 ಕೋಟಿಯ ಆಸುಪಾಸು. ಹೊಸದರಲ್ಲಿ 9,220 ಕೋಟಿ.

ಕೆಲಸದ ಆಳುಗಳು: ಹೊಸದರಲ್ಲಿ 24,064. ಇವರೆಲ್ಲ ಸೇರಿ ಸೆಕೆಂಡಿಗೆ 125 ಲಕ್ಷ ಕೋಟಿ ಲೆಕ್ಕ ಮಾಡಬಲ್ಲರು. ಹರ್ಕ್ಯುಲಿಸ್‌ನಲ್ಲಿ ಇಂಥ ಆಳು ಒಬ್ಬನೂ ಇರಲಿಲ್ಲ. ಕಂಪ್ಯೂಟರ್ ಬರೆದಿಟ್ಟ ಚುಕ್ಕಿಯನ್ನು ತೋರಿಸುವುದಷ್ಟೇ ಅದರ ಕೆಲಸ.

ಕರೆಂಟು: ಜಿಫೋರ್ಸ್ 256ಕ್ಕೆ ಸಿಕ್ಕಿಸಿದ ಸೀಳಿನಿಂದ ಬರುವ ಕರೆಂಟೇ ಸಾಕಾಗಿತ್ತು. ಹೊಸದಕ್ಕೆ ದಪ್ಪ ವೈರು ಬೇರೆ ಬೇಕು. ಅದು ಪೂರ್ತಿ ಓಡಿದರೆ 600 ವ್ಯಾಟ್. ಒಂದು ಎಚ್‌ಪಿ ಅಂದರೆ 746 ವ್ಯಾಟ್. ಐದು ಎಚ್‌ಪಿ ಮೋಟಾರು ಎಳೆಯುವ ಕರೆಂಟಿನಲ್ಲಿ ಇಂಥ ಆರು ಕಾರ್ಡು ಓಡುತ್ತವೆ. ಒಂದು ಕಾರ್ಡು ಹಗಲೂ ರಾತ್ರಿ ಓಡಿದರೆ ದಿನಕ್ಕೆ 14 ಯೂನಿಟ್ ದಾಟುತ್ತದೆ, ತಿಂಗಳಿಗೆ 432 ಯೂನಿಟ್. ಗೃಹಜ್ಯೋತಿಯಲ್ಲಿ ಒಂದು ಮನೆಗೆ ಉಚಿತವಾಗಿ ಸಿಗುವ ಗರಿಷ್ಠ 200 ಯೂನಿಟ್ಟಿನ ಎರಡು ಪಟ್ಟಿಗೂ ಹೆಚ್ಚು.

ನಿಮ್ಮ ಕೈಲಿರುವ ಫೋನನ್ನೂ ಸೇರಿಸಿಕೊಳ್ಳೋಣ. ಈಗಿನ ಸಾಧಾರಣ ಫೋನಿನ ಪರದೆ 1080ಕ್ಕೆ 2400, ಅಂದರೆ 25,92,000 ಚುಕ್ಕಿ. ಹರ್ಕ್ಯುಲಿಸ್‌ನ ಹತ್ತು ಪಟ್ಟು, ಅದೂ ಬಣ್ಣದಲ್ಲಿ. ಅದಕ್ಕೂ ಒಳಗೊಂದು ಚಿಕ್ಕ ಜಿಪಿಯು ಇದೆ.

ವೃತ್ತಿಪರ ಎಂದರೆ ಬರೀ ವೇಗವಲ್ಲ. ಆಟದ ಕಾರ್ಡಿಗೂ ಇದಕ್ಕೂ ಮುಖ್ಯ ವ್ಯತ್ಯಾಸ ನೆನಪಿನಲ್ಲಿದೆ. ಒಂದು, ನೆನಪಿನ ಜಾಗ ದೊಡ್ಡದು. ಇನ್ನೊಂದು, ತಪ್ಪು ತಿದ್ದಿಕೊಳ್ಳುವ ಗುಣ. ಆಕಾಶದಿಂದ ಬರುವ ಕಣಗಳಿಂದಲೋ, ಕರೆಂಟಿನ ಸಣ್ಣ ಏರುಪೇರಿನಿಂದಲೋ ನೆನಪಿನಲ್ಲಿರುವ 0 ಒಮ್ಮೊಮ್ಮೆ 1 ಆಗಿಬಿಡುತ್ತದೆ. ಆಟದಲ್ಲಿ ಒಂದು ಚುಕ್ಕಿ ಕ್ಷಣಕಾಲ ತಪ್ಪಾದರೆ ಯಾರಿಗೂ ಗೊತ್ತಾಗುವುದಿಲ್ಲ. ಸೇತುವೆಯ ಲೆಕ್ಕದಲ್ಲಿ, ರೋಗಿಯ ಸ್ಕ್ಯಾನಿನಲ್ಲಿ, ವಾರಗಟ್ಟಲೆ ನಡೆಯುವ ಸಂಶೋಧನೆಯಲ್ಲಿ ಹಾಗಾಗಬಾರದು. ವೃತ್ತಿಪರ ಕಾರ್ಡು ಪ್ರತಿ ಅಂಕಿಯ ಜೊತೆ ಒಂದು ತಾಳೆಯನ್ನೂ ಇಟ್ಟುಕೊಂಡು, ತಪ್ಪಾದ ಬಿಟ್ಟನ್ನು ಹಿಡಿದು ಸರಿಮಾಡುತ್ತದೆ. ಇದನ್ನು ಓದಿದಾಗ ತಾತನ ಹೆಸರಿನ ಒತ್ತು ನೆನಪಾಯಿತು. ಒಂದು ಚುಕ್ಕಿಯೂ ತಪ್ಪಬಾರದು ಎಂಬುದು ಪಹಣಿಗೂ ಸಲ್ಲುವ ಮಾತು.

ಇಷ್ಟು ನೆನಪು ಯಾಕೆ ಬೇಕು? ಭಾಷೆ ಕಲಿತ ಎಐ ಅಂದರೆ ಒಳಗೆ ಬರೀ ಅಂಕಿಗಳ ರಾಶಿ. 3,000 ಕೋಟಿ ಅಂಕಿಗಳ ಒಂದು ಮಾದರಿ ಇದೆ ಎಂದುಕೊಳ್ಳಿ. ಒಂದು ಅಂಕಿಗೆ 2 ಬೈಟ್ ಎಂದರೂ 60 ಜಿಬಿ ಆಯಿತು. ಇವೆಲ್ಲ ಕಾರ್ಡಿನ ನೆನಪಿನಲ್ಲೇ ಕೂತಿದ್ದರೆ ಮಾತ್ರ ಬೇಗ ಉತ್ತರ ಬರುತ್ತದೆ. ಹಳೇ ಕಾರ್ಡಿನ ನೆನಪು ಅಕ್ಷರದ ಚುಕ್ಕಿಗೆ ಮೀಸಲಾಗಿತ್ತು. ಹೊಸದರ ನೆನಪಿನಲ್ಲಿ ಮಾತು ತುಂಬಬಹುದು.

ಯಾರ ಕನ್ನಡ?

ಇಲ್ಲಿಗೆ ನಮ್ಮ ಊರಿನ ಪ್ರಶ್ನೆ ಮತ್ತೆ ಬರುತ್ತದೆ. 1982ರಲ್ಲಿ ಇದ್ದ ಪ್ರಶ್ನೆ, ಕಾರ್ಡಿಗೆ ನಮ್ಮ ಅಕ್ಷರ ಗೊತ್ತಿದೆಯಾ ಎಂದು. ಇವತ್ತಿನ ಪ್ರಶ್ನೆ, ಕಾರ್ಡಿಗೆ ನಮ್ಮ ಮಾತು ಗೊತ್ತಿದೆಯಾ ಎಂದು.

ಏಳು ಲಕ್ಷದ ಕಾರ್ಡು ತಾನಾಗಿ ಕನ್ನಡ ಕಲಿಯುವುದಿಲ್ಲ. ಯಾರೋ ಕನ್ನಡದ ಬರಹವನ್ನು, ಮಾತನ್ನು ಒಟ್ಟುಮಾಡಿ ಕೊಡಬೇಕು. ಆ ಕೆಲಸ ನಡೆಯುತ್ತಿದೆ. ಬೆಂಗಳೂರಿನ ಐಐಎಸ್‌ಸಿಯ ರೆಸ್ಪಿನ್ ಯೋಜನೆಯಲ್ಲಿ ಕನ್ನಡವೂ ಸೇರಿ ಒಂಬತ್ತು ಭಾಷೆಗಳಲ್ಲಿ ಬೇಸಾಯ ಮತ್ತು ಹಣಕಾಸಿನ ಮಾತುಗಳನ್ನು, ಉಪಭಾಷೆಗಳನ್ನೂ ಗಮನಿಸಿ, ಧ್ವನಿಮುದ್ರಿಸಿದ್ದಾರೆ. ಅದೇ ಸಂಸ್ಥೆಯ ವಾಣಿ ಯೋಜನೆ ದೇಶದ ಜಿಲ್ಲೆ ಜಿಲ್ಲೆಯ ಮಾತನ್ನು ಒಟ್ಟುಮಾಡಲು ಹೊರಟಿದೆ. ಐಐಟಿ ಮದ್ರಾಸಿನ ಎಐ4ಭಾರತ್ ತಂಡ 22 ಭಾಷೆಗಳ ನಡುವೆ ಅನುವಾದ ಮಾಡುವ ಮಾದರಿಯನ್ನು 2023ರಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಕೇಂದ್ರ ಸರ್ಕಾರದ ಭಾಷಿಣಿ ಯೋಜನೆಯಲ್ಲಿ ಭಾಷಾದಾನ ಎಂಬ ವಿಭಾಗವಿದೆ. ಅಲ್ಲಿ ಯಾರು ಬೇಕಾದರೂ ಫೋನಿನಿಂದಲೇ ತಮ್ಮ ಧ್ವನಿ ಕೊಡಬಹುದು.

ಆದರೂ ಯಂತ್ರಕ್ಕೆ ಸುಲಭವಾಗಿ ಸಿಗುವುದು ಪತ್ರಿಕೆಯ ಕನ್ನಡ, ಪುಸ್ತಕದ ಕನ್ನಡ. ನಮ್ಮ ಮನೆಗಳಲ್ಲಿ ಹಾಲು 'ಆಲು' ಆಗುತ್ತದೆ, ಹೋಗುತ್ತೀನಿ 'ಓಯ್ತೀನಿ' ಆಗುತ್ತದೆ. ಒಂದು ಕಡೆಯವರ ಶೇಂಗಾ ನಮಗೆ ಕಳ್ಳೇಕಾಯಿ. ಪಾವಗಡ, ಕೊಡಿಗೇನಹಳ್ಳಿ ಕಡೆ ಒಂದು ವಾಕ್ಯ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿದರೂ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಕಳ್ಳೇಕಾಯಿಗೆ ಎಲೆಚುಕ್ಕೆ ರೋಗ ಬಂದಾಗ ಅಜ್ಜಿಯೊಬ್ಬರು ಫೋನಿಗೆ ತಮ್ಮ ಮಾತಲ್ಲಿ ಕೇಳಿದರೆ ಅದಕ್ಕೆ ಅರ್ಥವಾಗಬೇಕು. ಅರ್ಥವಾಗದೆ ಬೇರೇನೋ ಔಷಧಿ ಹೇಳಿದರೆ ನಷ್ಟ ಅಜ್ಜಿಗೆ. ಆಗ ಬಿದ್ದುಹೋಗಿದ್ದು ಒಂದು ಒತ್ತು. ಈಗ ಬಿದ್ದುಹೋಗುವುದು ಇಡೀ ಮಾತು.

ಕರೆಂಟು ನಮ್ಮದು, ಮಾತು?

ಇನ್ನೊಂದು ಲೆಕ್ಕ ಹೇಳಿ ಮುಗಿಸುತ್ತೇನೆ. ಪಾವಗಡ ತಾಲ್ಲೂಕಿನ ತಿರುಮಣಿಯ ಸೋಲಾರ್ ಪಾರ್ಕು 2,050 ಮೆಗಾವ್ಯಾಟ್ ಸಾಮರ್ಥ್ಯದ್ದು. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಊರುಗಳ ಸುಮಾರು 13,000 ಎಕರೆಯಲ್ಲಿ ಹರಡಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಗುತ್ತಿಗೆಯಿಂದ ಶುರುವಾಗಿ ರೈತರು ಭೂಮಿ ಕೊಟ್ಟಿದ್ದಾರೆ. ಪೂರ್ತಿ ಬಿಸಿಲಿರುವ ಹೊತ್ತಿನಲ್ಲಿ ಆ ಪಾರ್ಕಿನ ಸಾಮರ್ಥ್ಯವನ್ನು 600 ವ್ಯಾಟಿನಿಂದ ಭಾಗಿಸಿದರೆ 34 ಲಕ್ಷ ಕಾರ್ಡು ಓಡಿಸುವಷ್ಟು ಕರೆಂಟಾಗುತ್ತದೆ. ಇದು ಬರೀ ಭಾಗಾಕಾರ, ಆ ಕರೆಂಟು ಗ್ರಿಡ್ಡಿಗೆ ಸೇರಿ ಎಲ್ಲೆಲ್ಲೋ ಹೋಗುತ್ತದೆ. ಆದರೂ ಒಂದು ಮಾತು ನಿಜ. ಎಐ ಕಾಲಕ್ಕೆ ಬೇಕಾದ ಕರೆಂಟನ್ನು ಕೊಡುವವರಲ್ಲಿ ಬರಗಾಲದ ನಮ್ಮ ಪಾವಗಡದವರೂ ಇದ್ದಾರೆ. ಬಿಸಿಲನ್ನು ಕೊಟ್ಟಿದ್ದೇವೆ, ಭೂಮಿಯನ್ನು ಕೊಟ್ಟಿದ್ದೇವೆ. ಮಾತನ್ನೂ ಕೊಡದಿದ್ದರೆ ಆ ಯಂತ್ರ ನಮ್ಮನ್ನು ಬಿಟ್ಟು ಉಳಿದವರ ಜೊತೆ ಮಾತಾಡುತ್ತದೆ.

ಈ ನಲವತ್ತು ವರ್ಷಗಳಲ್ಲಿ ಕಾರ್ಡಿನ ನೆನಪು 15 ಲಕ್ಷ ಪಟ್ಟು ಹೆಚ್ಚಿದೆ. ಒಂದು ವಿಷಯ ಮಾತ್ರ ಬದಲಾಗಿಲ್ಲ. ಒಬ್ಬ ಥಾಯ್ ಎಂಜಿನಿಯರ್ ತನ್ನ ಲಿಪಿಯಲ್ಲೇ ಬರೆಯುತ್ತೇನೆಂದು ಹಟ ಹಿಡಿದದ್ದಕ್ಕೆ ಹರ್ಕ್ಯುಲಿಸ್ ಬಂತು. ಕಾನ್ಪುರದ ಎಂಜಿನಿಯರುಗಳು ಕೂತು ನಮ್ಮ ಕಾಗುಣಿತ, ಒತ್ತಕ್ಷರದ ನಿಯಮವನ್ನು ಒಂದೊಂದಾಗಿ ಕಲಿಸಿದ್ದಕ್ಕೆ ಯಂತ್ರದಲ್ಲಿ ಕನ್ನಡ ಬಂತು. ಕಾರ್ಡು ಎಷ್ಟೇ ದೊಡ್ಡದಾದರೂ ಕಲಿಸಿದ್ದನ್ನಷ್ಟೇ ಕಲಿಯುತ್ತದೆ.

ಅದಕ್ಕೇ ಎರಡು ಕೆಲಸ ಹೇಳುತ್ತೇನೆ, ಎರಡಕ್ಕೂ ದುಡ್ಡು ಬೇಕಿಲ್ಲ. ಮೊದಲನೆಯದು, ನಿಮ್ಮ ಮನೆಯ ಪಹಣಿ, ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕುಗಳನ್ನು ಒಟ್ಟಿಗೆ ಇಟ್ಟು ಹಿರಿಯರ ಹೆಸರಿನ ಒತ್ತು, ದೀರ್ಘ ಎಲ್ಲ ಕಡೆ ಒಂದೇ ಥರ ಇದೆಯಾ ನೋಡಿ. ತಪ್ಪಿದ್ದರೆ ಅವರು ಬದುಕಿರುವಾಗಲೇ ಅರ್ಜಿ ಹಾಕಿ ತಿದ್ದಿಸಿ. ಎರಡನೆಯದು, ಫೋನಿನ ಜೊತೆ ಮಾತಾಡುವಾಗ ಪುಸ್ತಕದ ಕನ್ನಡಕ್ಕೆ ನಾಲಿಗೆ ತಿರುಗಿಸಬೇಡಿ. ಮನೆಯಲ್ಲಿ ಆಡುವ ಹಾಗೇ ಆಡಿ. ಬಿಡುವಿದ್ದಾಗ ಭಾಷಾದಾನಕ್ಕೆ ಹೋಗಿ ನಾಲ್ಕು ವಾಕ್ಯ ಹೇಳಿ, ಅಜ್ಜಿಯ ಕೈಲೂ ಹೇಳಿಸಿ.

ಆ ಹಸಿರು ಹಲಗೆಯನ್ನು ನಾನು ಗುಜರಿಗೆ ಹಾಕಲು ಬಿಡಲಿಲ್ಲ. ಹತ್ತು ರೂಪಾಯಿ ಕೊಟ್ಟು ಮನೆಗೆ ತಂದೆ. ನಮ್ಮೂರಿನ ಎಷ್ಟೋ ಮದುವೆಗಳ ಲಗ್ನಪತ್ರಿಕೆ ಪರದೆ ಮೇಲೆ ಮೂಡಿದ್ದು ಅದರಿಂದ.